ಒಂದು ಮನೆ ಕೊಳ್ಳೋಕೆ ಎಷ್ಟು ಜನ ಬೇಕು

ಹೊಸೂರಿನಲ್ಲಿ ನೀವು ಮನೆ ಹುಡುಕುತ್ತಿದ್ದೀರಿ ಅಂತ ಒಬ್ಬರಿಗೆ ಗೊತ್ತಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಸಲಹೆ ಕೊಡುತ್ತಾರೆ. ಸಲಹೆ ಪಾಲಿಸಿದವರ ಗತಿ ಏನಾಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಪಾಲಿಸಿದವಳು ನಾನು. ಒಂದನ್ನೂ ಬಿಡದೆ ಪಾಲಿಸಿದೆ.

ನಾನು ದಾವಣಗೆರೆಯವಳು. ಮೂಕಂಡಪಲ್ಲಿಯ ಒಂದು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಸಿಕ್ಕಿ ಈ ಊರಿಗೆ ಬಂದೆ. ಲೇಡೀಸ್ ಹಾಸ್ಟೆಲಿನಲ್ಲಿ ಇರಲಾಗದೆ ಬಾಡಿಗೆ ಮನೆ ಕೇಳಿಕೊಂಡು ಹೋದೆ. ಎಲ್ಲರದೂ ಒಂದೇ ಪ್ರಶ್ನೆ: "ಯಾರ್ಯಾರು ಇರ್ತೀರಾ?" "ನಾನೊಬ್ಬಳೇ" ಅಂದರೆ, "ಯೋಚ್ನೆ ಮಾಡಿ ಹೇಳ್ತೀವಮ್ಮ" ಅನ್ನುತ್ತಿದ್ದರು. ಆರು ಮನೆಯವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಕೊನೆಗೆ ಸಾಲ ಮಾಡಿಯಾದರೂ ಪುಟ್ಟದೊಂದು ಮನೆ ಕೊಂಡುಬಿಡೋಣ ಅಂತ ತೀರ್ಮಾನಿಸಿದೆ. ಸ್ವಂತ ಬಾಗಿಲಲ್ಲಿ ನಿಂತವಳನ್ನು ಆ ಪ್ರಶ್ನೆ ಯಾರೂ ಕೇಳಲಾರರಲ್ಲ.

ಒಂದು ತೊಂದರೆ ಇತ್ತು. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಜೊತೆಗೆ ಸಂಕೋಚದ ಮುದ್ದೆ. ಯಾರೇನು ಕೇಳಿದರೂ ಉತ್ತರ ಮೊದಲು ಇಂಗ್ಲಿಷಿನಲ್ಲಿ ಹೊಳೆಯುತ್ತದೆ. ಅದನ್ನು ಕನ್ನಡ ಮಾಡಿ, ಧೈರ್ಯ ಮಾಡಿ ಬಾಯಿ ತೆರೆಯುವಷ್ಟರಲ್ಲಿ ಕೇಳಿದವರು ಹೋಗಿರುತ್ತಾರೆ.

ಬಾಗಿಲು ನೋಡಿಕೋ

ಮೊದಲ ಸಲಹೆ ಅಮ್ಮನದು, ಫೋನಿನಲ್ಲಿ. "ಬಾಗಿಲು ನಿನ್ನ ರಾಶಿಗೆ ಹೊಂದಬೇಕು ನೋಡು."

"ನನ್ನ ರಾಶಿ ಯಾವುದಮ್ಮ?"

"ಜಾತಕ ಬೀರುವಿನಲ್ಲಿತ್ತು. ಬೀರು ನಿಮ್ಮಣ್ಣ ಮಾರಿಬಿಟ್ಟ."

ಇದನ್ನು ಬ್ರೋಕರ್‌ಗೆ ಹೇಳಿದೆ. ಬೈಕಿನಿಂದ ಇಳಿಯದೆ ಎರಡು ಫೋನಿನಲ್ಲಿ ಒಟ್ಟಿಗೆ ಮಾತಾಡುವ ಮನುಷ್ಯ. "ಅದಕ್ಯಾಕೆ ಚಿಂತೆ ಮೇಡಂ, ಮುಖ ನೋಡಿದ್ರೇ ಗೊತ್ತಾಗ್ತದೆ" ಅಂದರು. ಮೊದಲು ತೋರಿಸಿದ ಮನೆಯ ಬಾಗಿಲು ಪೂರ್ವಕ್ಕಿತ್ತು. ನನ್ನ ಮುಖವನ್ನು ದಿಟ್ಟಿಸಿ, "ಮೇಷ. ನಿಮ್ಗೆ ಪೂರ್ವದ್ ಬಾಗ್ಲೇ ಆಗ್ಬೇಕು" ಅಂದರು. ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ, ಬೇಡ ಅಂದೆ. ಮುಂದಿನ ವಾರದ ಮನೆ ದಕ್ಷಿಣಕ್ಕಿತ್ತು, ನಾನು ಕನ್ಯಾ ಆದೆ. ಅದರ ಮುಂದಿನದು ಪಶ್ಚಿಮ, ತುಲಾ ಆದೆ. ನಿಜ ಹೇಳಬೇಕೆಂದರೆ ನನಗೆ ಬೇಜಾರಾಗಲಿಲ್ಲ. ಪ್ರತಿ ವಾರ ನನ್ನ ಮುಖವನ್ನು ಅಷ್ಟು ಗಮನವಿಟ್ಟು ನೋಡುವವರು ಈ ಊರಿನಲ್ಲಿ ಬೇರೆ ಯಾರಿದ್ದರು?

ನಾಲ್ಕನೆಯದು ಉತ್ತರದ ಬಾಗಿಲು. "ಮೀನ" ಅಂದರು. ಆವತ್ತು ಅವರ ಬೈಕು ಸ್ಟಾರ್ಟ್ ಆಗದೆ ನಿಂತಿದ್ದರಿಂದ ನನಗೆ ಮಾತು ಕೂಡಿಸಿಕೊಳ್ಳಲು ಸಮಯ ಸಿಕ್ಕಿತು. "ಹೋದ ವಾರ ತುಲಾ ಅಂದಿದ್ರಲ್ಲ?"

ಅವರು ಕಿಕ್ ಹೊಡೆಯುವುದನ್ನು ನಿಲ್ಲಿಸಲಿಲ್ಲ. "ಅದು ಹೋದ್ ವಾರ ಮೇಡಂ. ಮನುಷ್ಯ ಯಾವಾಗ್ಲೂ ಒಂದೇ ತರ ಇರ್ತಾನಾ?"

ಅಕ್ಕಪಕ್ಕ ವಿಚಾರಿಸು

ನಮ್ಮ ಸೂಪರ್‌ವೈಸರ್ ಹೇಳಿದರು: "ಮನೆ ನೋಡ್ಬೇಡಮ್ಮ, ಬೀದಿ ನೋಡು. ಹೋಗಿ ಸುಮ್ನೆ ನಿಂತ್ಕೋ. ನೀರು ಬರ್ತದಾ, ಲೈಟು ಉರೀತದಾ, ಜನ ಹೆಂಗೆ, ಎಲ್ಲಾ ಬರ್ಕೋ."

ಕ್ವಾಲಿಟಿಯವರಿಗೆ ಬರೆದುಕೋ ಅಂದರೆ ಮುಗಿಯಿತು. ಶನಿವಾರ ಕೆಲಸ ಮುಗಿಸಿ ಬಾಗಲೂರು ಕಡೆಯ ಒಂದು ಬೀದಿಗೆ ಪ್ಯಾಡು, ಪೆನ್ನು ಹಿಡಿದು ಹೋದೆ. ಕೊರಳಲ್ಲಿದ್ದ ಐಡಿ ಕಾರ್ಡು ತೆಗೆಯಲು ಮರೆತಿದ್ದೆ. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬರು ಕೇಳಿದರು: "ಯಾವ ಆಪೀಸಿಂದ ಬಂದಿದ್ದೀಯಮ್ಮ? ನೀರಿನ ಆಪೀಸಾ?"

ಇಲ್ಲ ಅನ್ನುವುದನ್ನು ಹೇಗೆ ಹೇಳಿದರೆ ಒರಟಾಗಿ ಕೇಳಿಸುವುದಿಲ್ಲ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರು ಬೀದಿಗೇ ಕೂಗಿದರು: "ಬರ್ರೇ ಎಲ್ಲಾ, ನೀರಿನ ಆಪೀಸಿಂದ ಬಂದವ್ಳೆ. ಇವಾಗ್ಲೇ ಹೇಳ್ಬುಡಿ."

ಕುರ್ಚಿ ಬಂತು. ಮಜ್ಜಿಗೆ ಬಂತು. ಆರು ದಿನಕ್ಕೊಮ್ಮೆ ನೀರು, ಅದೂ ಮೋಟರ್ ಇಟ್ಟವರಿಗೆ ಮಾತ್ರ ಅಂದರು. ಬರೆದೆ. ಕಂಬದ ಲೈಟು ಹಗಲೆಲ್ಲ ಉರಿದು ಕತ್ತಲಾದ ಕೂಡಲೇ ಆರುತ್ತದೆ ಅಂದರು. ಬರೆದೆ. ಒಬ್ಬ ಸೊಸೆ ತನ್ನ ಅತ್ತೆಯ ಮೇಲೆ ದೂರು ಹೇಳಿದಳು. ಅದನ್ನೂ ಬರೆದೆ. ಸರಿಯಾಗಿ ಬರೆಯುತ್ತಿದ್ದೇನೋ ಇಲ್ಲವೋ ಅಂತ ಅತ್ತೆ ಪಕ್ಕದಲ್ಲೇ ನಿಂತು ಬಗ್ಗಿ ನೋಡುತ್ತಿದ್ದರು. ಹೊಸೂರಿಗೆ ಬಂದು ಐದು ತಿಂಗಳಾಗಿತ್ತು. ಆ ಐದು ತಿಂಗಳೂ ಸೇರಿ ನನ್ನ ಜೊತೆ ಅಷ್ಟು ಜನ ಮಾತಾಡಿರಲಿಲ್ಲ. ಎದ್ದು ಬರಲು ಮನಸ್ಸಾಗಲಿಲ್ಲ.

ಆಮೇಲೆ ಅದನ್ನೆಲ್ಲ ನೀಟಾಗಿ ಟೈಪ್ ಮಾಡಿ, ಅತ್ತೆಯದ್ದೊಂದು ಬಿಟ್ಟು, ನಿಜವಾದ ನೀರಿನ ಆಫೀಸಿಗೆ ಪೋಸ್ಟ್ ಮಾಡಿದೆ. ಆ ಬೀದಿಗೆ ಮನೆ ಕೊಳ್ಳುವವಳಾಗಿ ಮತ್ತೆ ಮುಖ ತೋರಿಸುವ ಹಾಗಿರಲಿಲ್ಲ.

ಆವತ್ತು ಎಲ್ಲರಿಗಿಂತ ಕೊನೆಗೆ ಬಂದವರು ಕೋಲು ಊರಿಕೊಂಡ ಒಬ್ಬ ತಾತ. "ನಂದೂ ಒಂದ್ ಬರ್ಕೋ ತಾಯಿ" ಅಂದರು.

"ಏನು ದೂರು ತಾತ?"

ತಾತ ನನ್ನ ಪ್ಯಾಡಿನೊಳಗೆ ಇಣುಕಿದರು. "ಸದ್ಯಕ್ಕೇನೂ ಇಲ್ಲ. ಜಾಗ ಹಿಡ್ದಿರು."

ನೆಟ್‌ವರ್ಕ್ ಇದೆಯಾ ನೋಡು

ಇದು ಹಾಸ್ಟೆಲಿನ ರೂಂಮೇಟ್ ಸಲಹೆ. ಜೂಜುವಾಡಿಯಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡ ಹಾಗಿರುವ ಒಂದು ಮನೆಯನ್ನು ಬ್ರೋಕರ್ ತೋರಿಸಿದರು. ಹಾಲಿನಲ್ಲಿ ನಿಂತಾಗ ಫೋನು ಟಿಣ್ ಅಂತು: ತಮಿಳುನಾಡಿಗೆ ಸ್ವಾಗತ. ಅಡುಗೆಮನೆಗೆ ಹೋದೆ, ಟಿಣ್: ಕರ್ನಾಟಕಕ್ಕೆ ಸ್ವಾಗತ. ವಾಪಸ್ ಬಂದೆ, ಮತ್ತೆ ತಮಿಳುನಾಡು. ಲಾರಿಗಳ ಓಡಾಟಕ್ಕೆ ಅದುರಿ ಗೋಡೆ ಬಿರುಕು ಬಿಟ್ಟಿತ್ತು, ಕೊಳ್ಳುವ ಮಾತೇ ಇರಲಿಲ್ಲ. ಆದರೂ ನಲ್ಲಿ ನೋಡುವ ನೆಪದಲ್ಲಿ ಇನ್ನೂ ಎರಡು ಸಲ ಅಡುಗೆಮನೆಗೆ ಹೋಗಿ ಬಂದೆ. ಆ ವಾರ ನನ್ನ ಫೋನಿಗೆ ಬೇರೆ ಯಾರ ಮೆಸೇಜೂ ಬಂದಿರಲಿಲ್ಲ.

ಬ್ರೋಕರ್ ಇದನ್ನು ಗಮನಿಸಿಬಿಟ್ಟರು. "ನೋಡಿ ಮೇಡಂ, ಎರಡು ರಾಜ್ಯ ಸೇರ್ಕೊಂಡು ಕರೀತಿದ್ರೂ ನೀವು ಬರಲ್ಲ ಅಂತೀರಲ್ಲ."

ಒಬ್ಬಳೇ ಹೋಗಬೇಡ

ಮೂಕಂಡಪಲ್ಲಿಯಲ್ಲೇ ಒಂದು ಒಳ್ಳೆಯ ಮನೆ ಸಿಕ್ಕಿತು. ಎಲ್ಲ ಸರಿಯಿತ್ತು, ಒಡತಿ ಕಾಫಿ ಕೊಡುವವರೆಗೆ.

"ಎಷ್ಟು ಜನ ಇರ್ತೀರಮ್ಮ?"

"ನಾನೊಬ್ಬಳೇ."

"ಹನ್ನೆರಡು ಜನ ಬಾಳಿದ ಮನೆ ಕಣಮ್ಮ ಇದು. ಒಬ್ಳಿಗೆ ಕೊಟ್ರೆ ಮನೆ ಬೇಜಾರು ಮಾಡ್ಕೊಳಲ್ವಾ?"

ಹೊರಗೆ ಬಂದ ಮೇಲೆ ಬ್ರೋಕರ್ ಬೈದರು. "ಒಬ್ರೇ ಬರ್ಬಾರ್ದು ಮೇಡಂ. ಫ್ಯಾಮಿಲಿ ಕಂಡ್ರೆ ಮಾರೋರಿಗೂ ಒಂದು ಧೈರ್ಯ. ಭಾನುವಾರ ಫ್ಯಾಮಿಲಿ ಜೊತೆ ಬನ್ನಿ."

"ಇಲ್ಲಿ ನನಗೆ ಯಾರೂ ಇಲ್ಲವಲ್ಲ."

"ನಾನಿಲ್ವಾ? ವ್ಯವಸ್ಥೆ ಮಾಡ್ತೀನಿ."

ಭಾನುವಾರ ತಮ್ಮ ಹೆಂಡತಿಯನ್ನು ನನ್ನ ಚಿಕ್ಕಮ್ಮನಾಗಿಯೂ ಅತ್ತೆಯನ್ನು ನನ್ನ ಅಜ್ಜಿಯಾಗಿಯೂ ಕರೆತಂದರು. ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ನನ್ನ ಸಂಸಾರ ಒಳಗೆ ಕಾಲಿಟ್ಟದ್ದೇ ಕೆಲಸಕ್ಕೆ ನಿಂತಿತು. ಚಿಕ್ಕಮ್ಮ ಅಡುಗೆಕಟ್ಟೆಯನ್ನು ಗೇಣಿನಲ್ಲಿ ಅಳೆದು ಫ್ರಿಜ್ ಎಲ್ಲಿಡಬೇಕು ಅಂತ ತೋರಿಸಿದರು. ಅಜ್ಜಿ ದೇವರ ಮೂಲೆ ಆರಿಸಿದರು. ಹುಡುಗಿಯರು ಬೀದಿ ಕಡೆಯ ರೂಮು ತನಗೆ, ತನಗೆ ಅಂತ ಜಗಳ ತೆಗೆದರು. ನಾನು ಕಾಫಿ ಲೋಟ ಹಿಡಿದು ಸೋಫಾದ ತುದಿಯಲ್ಲಿ ಕೂತು ನೋಡುತ್ತಿದ್ದೆ. ಚೆನ್ನಾಗಿದ್ದರು ನಮ್ಮ ಮನೆಯವರು. ಅಜ್ಜಿ ಹೋಗುವಾಗ ನನ್ನ ತಲೆ ಸವರಿದ್ದಂತೂ ಹೇಳಿಕೊಟ್ಟದ್ದಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಒಡತಿಯ ಮುಖ ಅರಳಿತ್ತು. "ಇವಾಗ ನೋಡಿ, ಮನೆ ನಗ್ತಾ ಐತೆ" ಅಂದರು.

ಮರುದಿನ ಬ್ರೋಕರ್ ಫೋನು ಮಾಡಿದರು. ದನಿ ಯಾಕೋ ತಗ್ಗಿತ್ತು.

"ಮೇಡಂ, ತಪ್ಪು ತಿಳ್ಕೋಬ್ಯಾಡಿ. ಆ ಮನೆ ನಿಮ್ ಚಿಕ್ಕಮ್ಮ ತಗೊಂಬುಟ್ಳು."

ಗೊತ್ತಿರುವ ಇಬ್ಬರನ್ನು ಕರೆದುಕೊಂಡು ಬಾ

ಆ ತಪ್ಪಿಗೆ ಬ್ರೋಕರ್ ಎರಡೇ ವಾರದಲ್ಲಿ ಮೂಕಂಡಪಲ್ಲಿಯಲ್ಲೇ ಇನ್ನೊಂದು ಮನೆ ತೋರಿಸಿದರು. ಎರಡು ರೂಮು, ಮುಂದೆ ಒಂದಿಷ್ಟು ಅಂಗಳ. ಮಾರುವವರು ವಯಸ್ಸಾದ ಒಬ್ಬ ಯಜಮಾನರು, ಕೃಷ್ಣಗಿರಿಯಲ್ಲಿರುವ ಮಗಳ ಮನೆಗೆ ಹೋಗುವವರಿದ್ದರು. ಎಷ್ಟು ಜನ ಇರ್ತೀರಾ ಅಂತ ಅವರು ಕೇಳಲೇ ಇಲ್ಲ. ಅಲ್ಲೇ ಮನಸ್ಸು ಮಾಡಿದೆ.

ಕ್ರಯಪತ್ರ ಬರೆಯುವವರು ಹೇಳಿದರು: "ಗುರುವಾರ ರಿಜಿಸ್ಟ್ರೇಷನ್. ಸಾಕ್ಷಿಗೆ ಇಬ್ಬರು ಬೇಕಮ್ಮ, ನಿನ್ನ ಬಲ್ಲೋರು. ಇಲ್ದಿದ್ರೆ ನಡೆಯಲ್ಲ."

ನನಗೆ ಗೊತ್ತಿರುವವರನ್ನು ಬೇಕಾದರೆ ಹೇಳಬಹುದಿತ್ತು. ನನ್ನನ್ನು ಬಲ್ಲವರು? ಫ್ಯಾಕ್ಟರಿಯಲ್ಲಿ ಆ ದಿನ ಆಡಿಟ್, ಯಾರಿಗೂ ರಜೆ ಇಲ್ಲ. ಬ್ರೋಕರ್‌ಗೆ ಆ ದಿನ ಗೃಹಪ್ರವೇಶ. ಊರೆಲ್ಲ ಮನಸ್ಸಿನಲ್ಲೇ ಸುತ್ತಿ ಕೊನೆಗೆ ಬಸ್ ಸ್ಟಾಪಿನ ಇಡ್ಲಿ ಗಾಡಿಯ ಅಕ್ಕನ ಹತ್ತಿರ ಬಂದು ನಿಂತೆ. ದಿನವೂ ಬೆಳಗ್ಗೆ ಅಲ್ಲೇ ತಿನ್ನುತ್ತಿದ್ದೆ. ನಮ್ಮ ಮಾತುಕತೆ, "ಎರಡಾ?" "ಎರಡು." ಅಷ್ಟೇ.

ಮೂರು ದಿನ ವಾಕ್ಯ ಅಭ್ಯಾಸ ಮಾಡಿ ನಾಲ್ಕನೇ ದಿನ ಹೇಳಿದೆ: "ಅಕ್ಕ, ಗುರುವಾರ ನೀವೂ ಅಣ್ಣನೂ ರಿಜಿಸ್ಟ್ರಾರ್ ಆಫೀಸಿಗೆ ಬರ್ತೀರಾ? ಇಬ್ಬರು ಸಾಕ್ಷಿ ಬೇಕು. ನನಗಿಲ್ಲಿ ಬೇರೆ ಯಾರೂ ಇಲ್ಲ." ಯಾತಕ್ಕೆ ಅನ್ನುವುದು ಅಭ್ಯಾಸದಲ್ಲಿ ಸೇರಿರಲಿಲ್ಲ.

ಅಕ್ಕ ಸೌಟು ಕೆಳಗಿಟ್ಟು ಆಚೀಚೆ ನೋಡಿದರು. "ಮನೇಲಿ ಗೊತ್ತಾ?"

"ಅಮ್ಮನಿಗೆ ಗೊತ್ತು. ಅಣ್ಣನಿಗೆ ಹೇಳಿಲ್ಲ."

ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಹೆದ್ರಬ್ಯಾಡ. ನಾವಿದ್ದೀವಿ." ಎರಡು ಕೇಳಿದವಳಿಗೆ ಆವತ್ತು ನಾಲ್ಕು ಇಡ್ಲಿ ಹಾಕಿದರು. ಒಬ್ಬರು ಮನೆ ಕೊಂಡರೆ ಇಷ್ಟು ಸಂಭ್ರಮ ಪಡುವ ಜನರೂ ಇದ್ದಾರಲ್ಲ ಅಂತ ಬಸ್ಸಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ.

ಗುರುವಾರ ಅಕ್ಕ ರೇಷ್ಮೆ ಸೀರೆಯಲ್ಲಿ ಬಂದರು, ಅವರ ಗಂಡ ಬಿಳಿ ಪಂಚೆಯಲ್ಲಿ. ಅವರ ಹಿಂದೆ, ಗಾಡಿಯ ಹತ್ತಿರ ದಿನಾ ತಿನ್ನುವ ಆರೇಳು ಜನ. ಒಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಎರಡು ಹೂವಿನ ಹಾರ.

"ಎಲ್ಲವ್ರೆ?" ಅಂದರು ಅಕ್ಕ. ಬೆಂಚಿನ ಮೇಲೆ ನುಣ್ಣಗೆ ಶೇವ್ ಮಾಡಿಕೊಂಡು, ಹೊಸ ಅಂಗಿ ತೊಟ್ಟು ಕೂತಿದ್ದ ಯಜಮಾನರನ್ನು ತೋರಿಸಿದೆ. ಅಕ್ಕ ಅವರ ಎದುರಿಗೆ ಹೋಗಿ ನಿಂತರು.

"ಎಷ್ಟು ವಯಸ್ಸು ಯಜಮಾನ್ರೇ?"

"ಅರವತ್ತೆಂಟು ಕಣಮ್ಮ."

"ಮಕ್ಕಳು ಮರಿ?"

"ಮೂರು ಜನ."

"ಅವ್ರು ಇದಕ್ಕೆ ಒಪ್ಪವ್ರಾ?"

"ಅವ್ರೇ ಬಲವಂತ ಮಾಡಿದ್ದು. ನೋಡ್ಕೊಳೋರು ಯಾರೂ ಇಲ್ಲ, ಬೇಗ ಮುಗಿಸ್ಬುಡಪ್ಪ ಅಂದ್ರು."

ಅಕ್ಕ ತಿರುಗಿ ಬಂದು ನನ್ನ ರಟ್ಟೆ ಹಿಡಿದರು. "ನಡಿ ಮನೆಗೆ. ಏನ್ ಕಷ್ಟ ಬಂದಿತ್ತು ನಿನ್ಗೆ?" ಮೆಟ್ಟಿಲವರೆಗೆ ಎಳೆದುಕೊಂಡು ಹೋದರು. ಹುಟ್ಟಿದಾಗಿನಿಂದ ನಾನು ಅಷ್ಟು ಜೋರಾಗಿ ಮಾತಾಡಿರಲಿಲ್ಲ: "ಅಕ್ಕ, ಮನೆ. ನಾನು ತಗೊಳ್ತಿರೋದು ಅವರ ಮನೆ."

ಅಕ್ಕ ನನ್ನ ರಟ್ಟೆ ಬಿಟ್ಟರು. ಅಕ್ಕನ ಗಂಡ ಕವರನ್ನು ನೋಡಿ, "ಹಂಗಾದ್ರೆ ಹಾರ?" ಅಂದರು.

ಒಳಗೆ ಗುಮಾಸ್ತರು ಅಕ್ಕನನ್ನು ಕೇಳಿದರು: "ಈ ಹುಡುಗಿ ನಿಮ್ಗೆ ಚೆನ್ನಾಗಿ ಗೊತ್ತಾ?"

"ಗೊತ್ತಿಲ್ದೆ ಏನು," ಅಂದರು ಅಕ್ಕ. "ಎರಡು ಇಡ್ಲಿ, ಚಟ್ನಿ ಜಾಸ್ತಿ, ಸಾಂಬಾರ್ ಮುಟ್ಟಲ್ಲ." ಗುಮಾಸ್ತರು ಸಹಿ ಹಾಕಿಸಿಕೊಂಡರು.

ಕತ್ತಲಾಗುವ ಹೊತ್ತಿಗೆ ಎಲ್ಲರೂ ಎರಡು ಆಟೋದಲ್ಲಿ ಮನೆ ನೋಡಲು ಬಂದರು. ಹೂವಿನವರು ಹಾರ ವಾಪಸ್ ತಗೊಳ್ಳುವುದಿಲ್ಲವಂತೆ. ಒಂದನ್ನು ಬಾಗಿಲಿಗೆ ಕಟ್ಟಿ, ಇನ್ನೊಂದನ್ನು ಅಕ್ಕ ನನ್ನ ಕೊರಳಿಗೇ ಹಾಕಿದರು. ಆಟೋ ಸದ್ದಿಗೆ ಎದುರುಮನೆಯವರು ಹೊರಗೆ ಬಂದು ರೇಷ್ಮೆ ಸೀರೆ, ಹಾರ, ನನ್ನ ಮುಖ ಎಲ್ಲ ನೋಡಿದರು.

"ಹೊಸದಾಗಿ ಮದ್ವೆನಾ? ಹುಡುಗ ಎಲ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿಬಿಟ್ಟರು. "ನೈಟ್ ಶಿಫ್ಟು. ರಜಾ ಕೊಡ್ಲಿಲ್ಲ."

ಮೂಕಂಡಪಲ್ಲಿಯಲ್ಲಿ ಇದಕ್ಕಿಂತ ನಂಬುವಂಥ ಮಾತು ಇನ್ನೊಂದಿಲ್ಲ. ಎದುರುಮನೆಯವರು ಒಳಗೆ ಹೋಗಿ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದರು.

ಅದಾಗಿ ಒಂದು ವರ್ಷವಾಯಿತು. ನಿಜ ಹೇಳಬೇಕು ಅಂತ ಎಷ್ಟೋ ಸಲ ಎದುರುಮನೆಯ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಯಾರ್ಯಾರು ಇರ್ತೀರಾ ಅಂತ ಈಗ ಯಾರೂ ಕೇಳುವುದಿಲ್ಲ. ಭಾನುವಾರ ಮಕ್ಕಳು ನಮ್ಮ ಬಾಗಿಲ ಮುಂದೆ ಆಡಲು ಬಂದರೆ ಎದುರುಮನೆಯವರು ಗದರಿಸುತ್ತಾರೆ: "ಅಣ್ಣ ಮಲ್ಗವ್ರೆ, ಆ ಕಡೆ ಹೋಗ್ರಿ." ಹಾಗಾಗಿ ಇಡೀ ಬೀದಿಯಲ್ಲಿ ಸದ್ದೇ ಇಲ್ಲದ ಮನೆ ನಮ್ಮದು. ಒಳಗೆ ನಾನೂ ಯಾಕೋ ಪಾತ್ರೆ ಸದ್ದಾಗದ ಹಾಗೆ ಮೆಲ್ಲಗೆ ಓಡಾಡುತ್ತೇನೆ.

ಹೋದ ವಾರ ಬಟ್ಟೆ ಒಣಗಿಸುತ್ತಿದ್ದಾಗ ಎದುರುಮನೆಯವರು ನಮ್ಮ ಕಾಂಪೌಂಡಿನ ಹತ್ತಿರ ಬಂದರು. "ನಿಮ್ಮೋರು ಮೊನ್ನೆ ಮಾರ್ಕೆಟ್ ಹತ್ರ ಸಿಕ್ಕಿದ್ರು ಕಣಮ್ಮ. ಫ್ಯಾಕ್ಟರಿ ಯೂನಿಫಾರಂ ನೋಡೇ ಗೊತ್ತಾಯ್ತು."

ಕ್ಲಿಪ್ ಹಾಕಿದ ಬಟ್ಟೆಗೇ ನಾನು ಇನ್ನೊಂದು ಕ್ಲಿಪ್ ಹಾಕಿದೆ.

"ಚೆನ್ನಾಗಿದ್ದೀರಾ ಅಂತ ಕೇಳ್ದೆ. ಸುಮ್ನೆ ತಲೆ ಅಲ್ಲಾಡಿಸ್ಕೊಂಡು ಹೋಗ್ಬುಟ್ರು. ಒಂದ್ ಮಾತಿಲ್ಲ."

ನಾನೂ ತಲೆ ಅಲ್ಲಾಡಿಸಿದೆ. ಅವರು ನನ್ನನ್ನು ಮರುಕದಿಂದ ನೋಡಿದರು.

"ಇಬ್ರೂ ಹಿಂಗೇ ಬಾಯಿ ಬಿಡ್ದೆ ಇದ್ರೆ ಸಂಸಾರ ಹೆಂಗಮ್ಮ ಮಾಡ್ತೀರಾ?"