ಕಣ್ಣೆದುರೇ ತೆಗೆಸಿದ ಜೇನು

ಮೋಸ ಹೋಗದೆ ಸಾಮಾನು ತರುವುದರಲ್ಲಿ ಇಡೀ ಮಾರೇನಹಳ್ಳಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ನನ್ನ ಹೆಂಡತಿ ಸುಮಾ ನಂಬಿರಲಿಲ್ಲ.

ಅಮ್ಮ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಅವಳು ಕೇಳಿದ್ದನ್ನು ಕೊಡಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಅವಳು ಕೇಳಿದ್ದು ತವರೂರಿನ ಜೇನುತುಪ್ಪ.

"ಒಂದೇ ಚಮಚ ಸಾಕು. ನಿನ್ ಕೈಯಾರೆ ತಿನ್ಸು ಕಣೋ."

ಆ ಊರಿನಲ್ಲಿ ನಂಜಪ್ಪ, ಜಯಮ್ಮ ದಂಪತಿ ಜೇನು ಸಾಕುತ್ತಾರೆ. ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಸೆಂಟು ಹೊಡೆದುಕೊಂಡು ಹೋದೆ. ಜಯಮ್ಮ ಬಾಟಲಿ ತಂದಿಟ್ಟರು.

"ನಿನ್ನೆ ತೆಗ್ದಿದ್ದು ಸಾರ್."

ತೆಗೆದುಕೊಂಡು ಬರಬಹುದಿತ್ತು. ನಾನು ನೀರಿನ ಲೋಟ ತರಿಸಿ ಒಂದು ಹನಿ ಬಿಟ್ಟೆ. ಬೆಂಕಿಕಡ್ಡಿ ಅದ್ದಿ ಗೀರಿದೆ. ಜೇನು ಎರಡರಲ್ಲೂ ಪಾಸಾಯಿತು. ಹಾಗಾಗಿ ನನ್ನ ಅನುಮಾನ ಹೆಚ್ಚಾಯಿತು!

"ನನ್ನ ಕಣ್ಣೆದುರೇ ತೆಗೆದು ಕೊಡಿ" ಎಂದೆ.

ನಂಜಪ್ಪ ಮೂಗು ಅರಳಿಸಿದರು. "ಸೆಂಟು ಹಾಕ್ಕೊಂಡಿದೀರ. ಹುಳ ಸಿಟ್ಟಾಗ್ತವೆ. ಬೇಡ ಸಾರ್."

"ಇದು ಲೈಟ್ ಸೆಂಟು" ಎಂದು ನಾನೇ ಅವರಿಗೆ ಧೈರ್ಯ ಹೇಳಿದೆ.

ಪೆಟ್ಟಿಗೆ ತೆರೆಯಿತು. ಲೈಟು, ಸ್ಟ್ರಾಂಗು ಎಂಬ ಭೇದ ಹುಳಗಳಿಗೆ ತಿಳಿದಿರಲಿಲ್ಲ. ಅಲ್ಲಾಡಬೇಡಿ ಎಂದು ನಂಜಪ್ಪ ಕೂಗುತ್ತಿದ್ದರೆ ನಾನು ಕೈ ಬೀಸುತ್ತ ಟೊಮೆಟೊ ಹೊಲದ ಉದ್ದಕ್ಕೂ ಓಡಿದೆ. ಜಯಮ್ಮ ನನ್ನ ಮುಖದಿಂದ ಮುಳ್ಳು ಕೀಳುತ್ತ ಇಪ್ಪತ್ತರವರೆಗೆ ಎಣಿಸಿ, ಲೆಕ್ಕ ಬಿಟ್ಟರು. ಕೊನೆಗೆ ನಾನು ತಂದದ್ದು ಅದೇ ನಿನ್ನೆಯ ಬಾಟಲಿ.

ಸಂಜೆ ಮನೆ ಸೇರುವಾಗ ಕಣ್ಣುಗಳು ಎರಡು ಗೆರೆಯಾಗಿದ್ದವು. ತುಟಿ ದಪ್ಪಗಾಗಿ, "ಅಮ್ಮಾ" ಎಂದ ದನಿ ನನಗೇ ಗುರುತು ಸಿಗಲಿಲ್ಲ. ಅಮ್ಮ ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು.

"ಯಾರೇ ಸುಮಾ ಇವ್ರು?"

"ನಿಮ್ಮ ಮಗ, ಅತ್ತೆ."

"ನನ್ ಮಗ ಹಿಂಗಿಲ್ಲ ಬಿಡು."

ನಾನು ಚಮಚ ಚಾಚಿದರೆ ಬಾಯಿ ಬಿಗಿದಳು. ಸುಮಾ ಅದನ್ನು ಕಸಿದುಕೊಂಡು, "ನಿಮ್ಮ ಮಗ ಕಳ್ಸಿದಾರೆ" ಎಂದಳು. ಅಮ್ಮ ತುದಿನಾಲಗೆಯಲ್ಲಿ ನೆಕ್ಕಿದಳು.

"ನಮ್ಮೂರಿಂದೇ. ಮಿಕ್ಕಿದ್ದು ಇಡು. ಅವ್ನು ಬರ್ಲಿ, ಅವ್ನ ಕೈಲೇ ತಿಂತೀನಿ."

ನಾನು ಐಸ್ ಒತ್ತಿಕೊಂಡು ನನ್ನ ಮುಖ ವಾಪಸಾಗಲೆಂದು ಕಾದೆ. ಅಮ್ಮ ಕಾಯಲಿಲ್ಲ. ಮರುದಿನ ಮಧ್ಯಾಹ್ನ ಹೋಗಿಬಿಟ್ಟಳು.

ನೋಡಲು ಬಂದ ಪಕ್ಕದ ಮನೆಯ ಲಲಿತಾ ಆಂಟಿ ನನ್ನನ್ನು ಕಂಡು ಕಣ್ಣೊರೆಸಿಕೊಂಡರು.

"ಎಷ್ಟು ಅತ್ತಿದಾನೆ ಪಾಪ, ಮುಖ ಹೆಂಗ್ ಊದಿದೆ ನೋಡಿ. ಇಂಥ ಮಗನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು."

ನಿಜಕ್ಕೂ ನನಗೆ ಸರಿಯಾಗಿ ಅಳಲೂ ಆಗಿರಲಿಲ್ಲ. ಆ ರೆಪ್ಪೆಗಳ ನಡುವೆ ಕಣ್ಣೀರಿಗೆ ದಾರಿಯಿರಲಿಲ್ಲ. ಸುಮಾ ನನ್ನ ಕಡೆ ನೋಡಿದಳು. ನಾನು ಆಂಟಿಯನ್ನು ತಿದ್ದಲಿಲ್ಲ.