ಅಪಶಕುನಕ್ಕೆ ಅರ್ಧ ಲೋಟ

"ಆಂಡಿ ಮನೆ ಬಾವೀಲಿ ಊರಿಗಾಗೋಷ್ಟು ನೀರೈತೆ, ಆಂಡಿಗೆ ಮಾತ್ರ ಇಲ್ಲ" ಅಂತ ನಮ್ಮ ಬೀದಿಯವರು ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳಿದ್ದರೆ ಹಾಳಾಗಿಹೋಗಲಿ ಅನ್ನಬಹುದಿತ್ತು. ನಮ್ಮದೇ ಬಾವಿಕಟ್ಟೆಯಲ್ಲಿ, ನಮ್ಮದೇ ಕಲ್ಲಿನ ಮೇಲೆ ಸೀರೆ ಬಡಿಯುತ್ತಾ, ಬಡಿತಕ್ಕೊಂದು ಮಾತಿನಂತೆ ಹೇಳುತ್ತಿದ್ದರು. "ಆ ವೀರಮ್ಮಾಳ್, ಗಂಡ ಎಂಜಲು ನುಂಗಿದ್ರೂ ಲೆಕ್ಕ ಕೇಳ್ತಾಳೆ" ಅಂತ ಒಬ್ಬಳು. "ಪಾಪ, ಆಂಡಿ ಈಗೀಗ ಎಷ್ಟು ತುಂಬ್ಕೊಂಡು ಲಕ್ಷಣವಾಗವ್ರೆ, ಇವಳ ಕಣ್ಣಿಗೆ ಅದೂ ಆಗಿಬರಲ್ಲ" ಅಂತ ಇನ್ನೊಬ್ಬಳು.

ತುಂಬಿಕೊಂಡದ್ದು ನೀರಮ್ಮಾ, ನೀರು! ಕಾಲು ಒತ್ತಿದರೆ ಹೆಬ್ಬೆರಳಿನ ಗುಳಿ ಬಿದ್ದದ್ದು ಬಿದ್ದ ಹಾಗೇ ಇರುತ್ತಿತ್ತು. ಅದಕ್ಕೆ ಲಕ್ಷಣ ಅನ್ನುವವರ ಕಣ್ಣಿಗೆ ನಾನು ಏನು ಹಾಕಲಿ?

ನನ್ನ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. (ಪಳನಿ ಬೆಟ್ಟದ ಮೇಲೆ ಕೌಪೀನ ಉಟ್ಟು ನಿಂತಿರುವ ದೇವರನ್ನು ನೆನೆಸಿಕೊಳ್ಳಿ, ಅದೇ ಹೆಸರು. ಅಕ್ಕಪಕ್ಕದವರಂತೂ ಹೇಳಿಯೇ ಆಯಿತಲ್ಲ.) ಅವರ ಎರಡು ಮೂತ್ರಪಿಂಡಗಳೂ ಸೊರಗಿ ವರ್ಷಗಳಾಗಿವೆ ಅಂತ ದಿಂಡುಕ್ಕಲ್ ಡಾಕ್ಟರು ಹೇಳಿದಾಗ ನಮ್ಮವರು ಮೊದಲು ಕೇಳಿದ್ದು, "ನೋವೇ ಇಲ್ವಲ್ಲ ಸಾರ್, ಬೇರೆ ಯಾರದ್ದೋ ಇರಬೇಕು" ಅಂತ. ಡಾಕ್ಟರು ನಗಲಿಲ್ಲ. ಇನ್ನು ಮದ್ದಿನಲ್ಲಿ ಆಗುವುದಿಲ್ಲ, ಮದರಾಸಿನಲ್ಲಿ ಹೊಸ ಚಿಕಿತ್ಸೆ ಬಂದಿದೆ, ಹೊಟ್ಟೆಗೆ ಕೊಳವೆ ಇಟ್ಟು, ಮದ್ದಿನ ನೀರು ಬಿಟ್ಟು, ರಕ್ತದ ಕೊಳೆ ತೊಳೆದು ತೆಗೆಯುತ್ತಾರೆ ಅಂದರು. ಅಲ್ಲಿ ಒಂದು ಹಾಸಿಗೆಗೆ ಬರೆದು ಹಾಕುತ್ತೇನೆ, ಕರೆ ಬರುವವರೆಗೆ ಊತ ಇಳಿಸಿಕೊಂಡಿರಬೇಕು. ಊತ ಏರಿಸಿಕೊಂಡು ಹೋದರೆ ಅವರು ಮುಟ್ಟದೆ ವಾಪಸು ಕಳಿಸುತ್ತಾರೆ. ಆಮೇಲೆ ನನ್ನನ್ನು ಕೇಳಬೇಡಿ ಅಂದರು. "ಉಪ್ಪು ಕೂಡಾದು! ದಿನಕ್ಕೆ ಒಂದೇ ಚೊಂಬು ನೀರು!"

ನಮ್ಮವರು ಬಹಳ ಯೋಚಿಸಿ ಕೇಳಿದರು: "ಹೊಟ್ಟೆಗೆ ಬಿಡೋದೂ ನೀರೇ ಅಂತೀರಿ. ಅದನ್ನ ಬಾಯಲ್ಲೇ ಬಿಟ್ಟರೆ ಕೊಳವೆ ಖರ್ಚಾದ್ರೂ ಉಳಿಯಲ್ವಾ ಸಾರ್?"

ಆವತ್ತಿನಿಂದ ನಾನು ನಮ್ಮ ಮನೆಯ ಜಲಮಂತ್ರಿ, ಲವಣಾಧ್ಯಕ್ಷೆ, ಅಡುಗೆಮನೆಯ ಪೊಲೀಸು. ಉಪ್ಪಿನ ಮಡಕೆ ಬೀಗದ ಪೆಟ್ಟಿಗೆಗೆ ಹೋಯಿತು. ಉಪ್ಪಿಲ್ಲದ ಸಾರನ್ನು ನಾನೂ ತಿಂದೆ. (ಇದನ್ನು ಬಾವಿಕಟ್ಟೆಯಲ್ಲಿ ಯಾರಾದರೂ ಹೇಳಿದರೇ? ಇಲ್ಲ!) ದಿನಾ ಬೆಳಿಗ್ಗೆ ಅವರನ್ನು ಏಲಕ್ಕಿ ಮಂಡಿಗೆ ಕರೆದುಕೊಂಡು ಹೋಗಿ, ಮೂಟೆಗಳನ್ನು ಸರಿಸಿ, ತಕ್ಕಡಿಯ ಹಲಗೆಯ ಮೇಲೆ ಕೂರಿಸಿ ತೂಗಿಸುತ್ತಿದ್ದೆ. ತೂಗುವವನು "ಸರಕು ಇವತ್ತು ಸ್ವಲ್ಪ ಒದ್ದೆ ಅಕ್ಕಾ" ಅಂದನೆಂದರೆ ನಮ್ಮವರು ಎಲ್ಲೋ ಕಳ್ಳನೀರು ಕುಡಿದಿದ್ದಾರೆ ಅಂತ ಅರ್ಥ.

ಕುಡಿಯುತ್ತಿದ್ದರು ರೀ! ಬಾಯಿ ಮುಕ್ಕಳಿಸುತ್ತೇನೆ ಅಂತ ಹಿತ್ತಿಲಿಗೆ ಹೋದರೆ ನೀರು ಬಾಯಿಗೆ ಹೋಗುವುದು ಕಾಣುತ್ತಿತ್ತು, ಹೊರಗೆ ಬರುವುದು ಕಾಣುತ್ತಿರಲಿಲ್ಲ. ಟವೆಲನ್ನು ಒದ್ದೆ ಮಾಡಿ ತಲೆಗೆ ಸುತ್ತಿಕೊಂಡು, ತಲೆಕಾವು ಅಂತ ಹೇಳಿ, ಮೂಲೆಯಲ್ಲಿ ಕೂತು ಟವೆಲಿನ ತುದಿ ಚೀಪುತ್ತಿದ್ದರು. ಐವತ್ತರ ಹತ್ತಿರದ ಗಂಡಸು, ಎರಡು ಜೋಡಿ ಎತ್ತಿನ ಯಜಮಾನ, ಟವೆಲು ಚೀಪುವುದೇ? ನಾನು ಬೈದರೆ, "ವೀರೀ, ನಾಲಿಗೆ ಹುಣಸೆ ತೊಗಟೆ ಆಗೈತೆ ಕಣೇ" ಅನ್ನುವರು. ನನಗೆ ಅಳು ಬರಬೇಕಾದ ಜಾಗದಲ್ಲಿ ಕೋಪ ಬರುತ್ತದೆ. ಹುಟ್ಟುಗುಣ. "ತೊಗಟೆ ಇದ್ದರೆ ಇರಲಿ, ಮರ ಉಳಿದ್ರೆ ಸಾಕು" ಅಂದು ಚೊಂಬನ್ನು ಅಟ್ಟಕ್ಕೆ ಏರಿಸುತ್ತಿದ್ದೆ.

ಹೀಗೆ ಬೈದು, ಬೇಯಿಸಿ, ತೂಗಿ, ಅಂತೂ ಊತ ಇಳಿಯಿತು. ಕಣ್ಣಿನ ಕೆಳಗಿನ ಚೀಲ ಹೋಗಿ ನಾನು ಮದುವೆಯಾದ ಮುಖ ಮತ್ತೆ ಸ್ವಲ್ಪ ಕಾಣಿಸಿತು. ಆಗಲೇ ಕರೆ ಬಂತು. ಚಿನ್ನಮನೂರಿನಿಂದ ಬೆಳಗಿನ ಬಸ್ಸು, ದಿಂಡುಕ್ಕಲ್‌ನಲ್ಲಿ ರೈಲು, ಮಾರನೆಯ ದಿನ ಮದರಾಸು. ಗಂಡಸರ ವಾರ್ಡಿನಲ್ಲಿ ಹೆಂಗಸರು ಉಳಿಯುವಂತಿಲ್ಲವಂತೆ. (ಇಷ್ಟು ದಿನ ಕಾದವಳು ನಾನು, ಅಲ್ಲಿ ಕಾಯೋಕೆ ಮೀಸೆ ಬೇಕಂತೆ!) ಅದಕ್ಕೆ ನನ್ನ ತಮ್ಮ ಮುರುಗನ್ ಜೊತೆಗೆ ಹೋಗುವುದೆಂದಾಯಿತು. ಹೊರಡುವ ದಿನ ಅವನು ಬೆಳಿಗ್ಗೆಯೇ ಬಸ್‌ಸ್ಟಾಂಡಿನಲ್ಲಿ ಸೀಟಿಗೆ ಟವೆಲು ಹಾಕಿ ಕೂತ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡದ ಸೀಮೆ ಬಿಟ್ಟು ಈ ಕಣಿವೆಗೆ ಇಳಿದಾಗ ತಂದದ್ದು ಮಾತು, ದನ, ಶಕುನ. ಮಾತಿಗೆ ಅರ್ಧಕ್ಕರ್ಧ ತಮಿಳು ಬೆರೆತಿದೆ. ದನಕ್ಕೆ ಊರಿನ ದನ ಬೆರೆತಿದೆ. ಶಕುನ ಮಾತ್ರ ಅಪ್ಪಟವಾಗಿ ಉಳಿದಿದೆ. ಹೊರಟವರಿಗೆ ಅಪಶಕುನ ಎದುರಾದರೆ ಹಿಂದಕ್ಕೆ ಬರಬೇಕು, ಜಗುಲಿಯ ಮೇಲೆ ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಹೊಸದಾಗಿ ಹೊರಡಬೇಕು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಹೊಟ್ಟೆಗೆ ಕೊಳವೆ ಹಾಕಿಸಿಕೊಳ್ಳಲು ಹೋಗುವ ಗಂಡನನ್ನು ಕೆಟ್ಟ ಶಕುನದಲ್ಲಿ ಕಳಿಸಿ, ಆಮೇಲೆ ಏನಾದರೂ ಆದರೆ?

ವಿಭೂತಿ ಹಚ್ಚಿ, ಚೀಲ ಕೊಟ್ಟು, ಹೊಸ್ತಿಲು ದಾಟಿಸಿದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಎದುರುಮನೆ ಮುನಿಯಮ್ಮಾಳ್ ಬಾಗಿಲಿನಿಂದ ಅವಳ ಕರಿಬೆಕ್ಕು ಯಾರೋ ಎಸೆದ ಹಾಗೆ ಬಂದು ಬೀದಿಯ ನಡುವೆ ಬಿತ್ತು. ಬಿದ್ದು, ಸುತ್ತ ನೋಡಿ, ಅವಮಾನದಿಂದ ಎಡದಿಂದ ಬಲಕ್ಕೆ ದಾಟಿಹೋಯಿತು.

"ವಿಧಿ, ವೀರೀ, ವಿಧಿ!" ಅನ್ನುತ್ತಾ ನಮ್ಮವರು ವಾಪಸು ಬಂದು ಜಗುಲಿಯ ಮೇಲೆ ಕೂತರು. ಮುಖ ಸಾವಿನ ಮನೆಯದು, ಕೈ ಮಾತ್ರ ಲೋಟಕ್ಕೆ ಚಾಚಿತ್ತು.

"ತುಟಿಗೆ ತಾಗಿಸಿದ್ರೆ ಸಾಕು" ಅಂದು ಅರ್ಧ ಲೋಟ ಕೊಟ್ಟೆ. ತುಟಿಗೆ ತಾಗಿದ್ದೊಂದೇ ಕಂಡದ್ದು, ಲೋಟ ತಳ ತೋರಿಸಿತು.

ಎರಡನೆಯ ಸಲ ಹೊರಟಾಗ ಎಣ್ಣೆ ಡಬ್ಬ ಹೊತ್ತವನು ಎದುರಿಗೆ. ಅವನು ನಮ್ಮ ಬೀದಿಗೆ ಬರುವುದು ಸಂತೆಯ ಮಾರನೆಯ ದಿನ ಮಾತ್ರ. ಆವತ್ತು ಸಂತೆಯೂ ಅಲ್ಲ, ಮಾರನೆಯ ದಿನವೂ ಅಲ್ಲ. ಮತ್ತೆ ಜಗುಲಿ, ಮತ್ತೆ ಅರ್ಧ ಲೋಟ. ಮೂರನೆಯ ಸಲ ಸೌದೆ ಹೊರೆಯವನು. ಅವನಂತೂ ಹೊರೆ ಹೊತ್ತುಕೊಂಡು ಮೂಲೆಯಲ್ಲಿ ಕಾದು ನಿಂತಿದ್ದು, ನಮ್ಮವರು ಕೆಮ್ಮಿದ ಮೇಲೆ ನಡೆದುಬಂದ. ಆಗಲೂ ನನಗೆ ಬುದ್ಧಿ ಬರಲಿಲ್ಲ. ಅಷ್ಟರಲ್ಲಿ ಮುರುಗನ್ ಏದುಸಿರಿನಲ್ಲಿ ಓಡಿಬಂದ.

"ಅಕ್ಕಾ, ಡ್ರೈವರಿಗೆ ಎರಡು ಕಾಫಿ ಕುಡಿಸಿ ನಿಲ್ಲಿಸಿದ್ದೀನಿ, ಮೂರನೇದು ಅವನ ಹೊಟ್ಟೆಗೆ ಹೋಗಲ್ವಂತೆ! ಈ ಬಸ್ಸು ಹೋದ್ರೆ ರೈಲಿಲ್ಲ. ರೈಲು ಹೋದ್ರೆ ಹಾಸಿಗೆ ಬೇರೆಯವರಿಗೆ!"

"ನಾನೇನು ಮಾಡ್ಲೋ? ಊರಿನ ದರಿದ್ರವೆಲ್ಲ ಇವತ್ತೇ ಮೆರವಣಿಗೆ ಹೊರಟೈತೆ" ಅಂದೆ. ಚೊಂಬು ನೋಡಿದೆ. ಇಡೀ ದಿನದ ನೀರು ಸೂರ್ಯ ನೆತ್ತಿಗೆ ಬರುವ ಮುಂಚೆಯೇ ತಳ ಹತ್ತಿತ್ತು. ಇಷ್ಟು ದಿನ ನಾನು ಹನಿಹನಿಯಾಗಿ ಇಳಿಸಿದ ಊತವನ್ನು ಶಕುನಗಳು ಅರ್ಧರ್ಧ ಲೋಟವಾಗಿ ಏರಿಸುತ್ತಿದ್ದವು.

ನಾಲ್ಕನೆಯ ಸಲ ಹೊರಟರು. ಆಗ ನಮ್ಮ ಕೊಟ್ಟಿಗೆಯ ಸಂದಿಯಿಂದ ಬಂದು ಬೀದಿಯ ನಟ್ಟನಡುವೆ ನಿಂತದ್ದು ಕಾಳಿಯಮ್ಮಾಳ್ ಅತ್ತಿಗೆ.

ಅತ್ತಿಗೆ ನನ್ನ ಗಂಡನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇರುವವರು. ಬೋಳು ಹಣೆ, ಬಿಳಿ ಸೀರೆ, ಸೊಂಟದಲ್ಲಿ ನಶ್ಯದ ಡಬ್ಬಿ. ಮನೆಯಿಂದ ಯಾರು ಹೊರಟರೂ, ಮದುವೆಗಾಗಲಿ ಸಂತೆಗಾಗಲಿ, ಎದುರಾಗಬಾರದು ಅಂತ ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ನಿಲ್ಲುವವರು. ಯಾರೂ ಹೇಳಬೇಕಾಗಿರಲಿಲ್ಲ. ಆವತ್ತು ಮಾತ್ರ ನಾನು ಒಂದು ಸಲ ಬಿಟ್ಟು ಎರಡು ಸಲ ಹೇಳಿದ್ದೆ.

ನನಗೆ ಬಂದ ಕೋಪಕ್ಕೆ ಹೆಸರಿಲ್ಲ. "ಅತ್ತಿಗೇ! ನಿಮ್ಮ ತಮ್ಮನ ಮೇಲೆ ನಿಮಗೇನು ಹಗೆ? ಕಣ್ಣು ಕಾಣಿಸಲ್ವಾ? ಇವತ್ತೇ ಬೇಕಿತ್ತಾ ನಿಮಗೆ ಬೀದಿ?"

ಅತ್ತಿಗೆ ನಡುಗಲಿಲ್ಲ. ನಾನು ಆ ಮನೆಗೆ ಬಂದಾಗಿನಿಂದ ಅವರು ದನಿ ಎತ್ತಿದ್ದು ಅದೇ ಮೊದಲು.

"ನನ್ನ ಮೇಲೆ ಯಾಕೆ ಹಾಯ್ತೀಯಾ? ನಿನ್ನ ಗಂಡನ್ನ ಕೇಳು! ಬೆಕ್ಕಿಗೆ ಮುನಿಯಮ್ಮಾಳ್‌ನ ಹಿಡಿದವನು ಅವನು. ಎಣ್ಣೆಯವನಿಗೆ, ಸೌದೆಯವನಿಗೆ ಹೇಳಿಟ್ಟವನು ಅವನು. ನೆನ್ನೆ ಕೊಟ್ಟಿಗೆಗೆ ಬಂದು, ನನ್ನ ಕೈ ಹಿಡಿದು, ನೀನು ಎದುರಿಗೆ ಬಂದು ನಿಲ್ಲು ಅಕ್ಕಯ್ಯಾ ಅಂತ ಬೇಡಿಕೊಂಡವನೂ ಅವನೇ!"

ಮುನಿಯಮ್ಮಾಳ್ ಬೆಕ್ಕನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ನಾನು ಗಂಡನ ಕಡೆ ತಿರುಗಿದೆ. "ಅಯ್ಯೋ ನೀರುಗಳ್ಳಾ!" ಅಂದುಬಿಟ್ಟೆ. (ಗಂಡನನ್ನು ಏಕವಚನದಲ್ಲಿ ಕರೆದದ್ದು ತಪ್ಪು ಅನ್ನುವವರು ಮೊದಲು ಅವರನ್ನು ಮಂಡಿಗೆ ಕರೆದುಕೊಂಡು ಹೋಗಿ ತೂಗಿಸಿ ನೋಡಲಿ.) "ನಿಮಗೋಸ್ಕರ ನಾನು ಉಪ್ಪು ಬಿಟ್ಟೆ, ಊರಿನ ಬಾಯಿಗೆ ಉಪ್ಪಿನಕಾಯಿ ಆದೆ. ಅಲ್ಲಿ ಹಾಸಿಗೆ ಕಾದೈತೆ. ನೀವು ಇಲ್ಲಿ ಅಪಶಕುನ ಆಡಿಸ್ತಾ ಕೂತಿದ್ದೀರಾ? ಸಾಯೋಕೆ ಇಷ್ಟು ಆಸೆ ಇದ್ರೆ ಬಾವಿ ಹಿತ್ತಿಲಲ್ಲೇ ಐತಲ್ಲ!"

ಅವರು ತಲೆ ತಗ್ಗಿಸಿ, ಚಪ್ಪಲಿಯಿಂದ ಮಣ್ಣು ಕೆದಕುತ್ತಾ ಹೇಳಿದರು: "ಮೊದಲಿನ ಮೂರು ನೀರಿಗೇ ಕಣೇ, ಸುಳ್ಳು ಹೇಳಲ್ಲ. ಅಕ್ಕಯ್ಯನ್ನ ಕರೆದದ್ದು ನೀರಿಗಲ್ಲ. ನನ್ನನ್ನ ಎತ್ತಿ ಬೆಳೆಸಿದವಳು. ಎಮ್ಮೆ ಹಿಂದೆ ನಿಂತ್ಕೊಂಡು ಕಳಿಸ್ತಾಳಾ ನನ್ನನ್ನ? ಮುಖ ನೋಡಿ ಹೋಗೋಣ ಅಂತ."

ಇದಕ್ಕೆ ಏನು ಬೈಯುವುದು ಹೇಳಿ? ಬೈಗುಳ ಎಲ್ಲ ಬಾಯಿಗೆ ಬಂದಿತ್ತು, ಬೈಯುವ ಜಾಗ ತಪ್ಪಿಹೋಗಿತ್ತು. ಆ ಸಿಟ್ಟೂ ಸೇರಿ ನಾನು ಅತ್ತಿಗೆಯ ರಟ್ಟೆ ಹಿಡಿದು ಅವರ ಎದುರಿಗೇ ಸರಿಯಾಗಿ ನಿಲ್ಲಿಸಿದೆ.

"ನೋಡ್ಕೊಳ್ಳಿ! ಕಣ್ಣು ತುಂಬ ನೋಡ್ಕೊಂಡು ಹೊರಡಿ! ಇನ್ನು ಊರಿನ ಬೆಕ್ಕೆಲ್ಲ ಸಾಲಾಗಿ ದಾಟಲಿ, ನಮ್ಮನೇಲಿ ಶಕುನ ಅನ್ನೋದು ಇಲ್ಲ. ಇವತ್ತಿಗೆ ಮುಗೀತು. ನಾನು ವೀರಮ್ಮಾಳ್ ಹೇಳ್ತಿದ್ದೀನಿ!"

ಎಂಥ ಘೋಷಣೆ! ಅಕ್ಕ ತಮ್ಮನ ಕೆನ್ನೆ ಸವರಿದರು. ಮುರುಗನ್ ಚೀಲ ಎತ್ತಿಕೊಂಡ. ನಮ್ಮವರು ಹೆಜ್ಜೆ ಎತ್ತಿದರು.

ಆಗ ನಾನು ಸೀನಿದೆ.

ಒಂದೇ ಸೀನು. ಬೀದಿಯ ಕೊನೆಯವರೆಗೂ ಕೇಳುವ ಹಾಗೆ, ಅಪ್ಪಟ ಒಂಟಿ ಸೀನು. ಅಪಶಕುನಗಳಲ್ಲಿ ಚಕ್ರವರ್ತಿ ಅಂದರೆ ಅದೇ. ಅದನ್ನು ಯಾರೂ ಹೇಳಿ ಮಾಡಿಸಿರಲಿಲ್ಲ. ಎತ್ತಿದ ಕಾಲು ಅಲ್ಲೇ ನಿಂತಿತು. ನಮ್ಮವರು ನನ್ನನ್ನು ನೋಡಿದರು, ಬೀದಿ ನನ್ನನ್ನು ನೋಡಿತು. ಶಕುನ ಇಲ್ಲ ಅಂತ ಈಗತಾನೇ ಸಾರಿದ ಬಾಯಿ ನನ್ನದು. ಆದರೆ ಎದೆ ಆ ಬಾಯಿಯ ಮಾತು ಕೇಳಬೇಕಲ್ಲ? ಈ ಒಂದು ಸೀನಿನ ಮೇಲೆ ಅವರನ್ನು ಮದರಾಸಿಗೆ ಕಳಿಸುವುದೇ?

"ಬನ್ನಿ" ಅಂದೆ. "ಕೂತ್ಕೊಳ್ಳಿ."

ಅವರು ಬಂದು ಕೂತರು. ಚೊಂಬು ಬಗ್ಗಿಸಿ ತಳದಲ್ಲಿದ್ದ ಕೊನೆಯ ನೀರನ್ನು ಲೋಟಕ್ಕೆ ಸುರಿದೆ. ಕೊಡಲು ಕೈ ಬರಲಿಲ್ಲ. ಕೊಟ್ಟರೆ ಊತ, ಕೊಡದಿದ್ದರೆ ಶಕುನ.

"ಅದ್ಯಾಕೆ ಒದ್ದಾಡ್ತೀಯಾ?" ಅಂದರು ಅತ್ತಿಗೆ. "ಇನ್ನೊಂದು ಸೀನು, ಜೋಡಿ ಆಯ್ತದೆ. ಜೋಡಿ ಸೀನು ಶುಭ."

ಈ ಬುದ್ಧಿ ನನಗೆ ಯಾಕೆ ಹೊಳೆಯಲಿಲ್ಲ! ಮೂಗು ತಿಕ್ಕಿದೆ, ಬಿಸಿಲಿಗೆ ಮುಖ ಒಡ್ಡಿದೆ. ಬೇಡದಾಗ ಬಂದ ಸೀನು ಬೇಕಾದಾಗ ಬರಲಿಲ್ಲ. ಅತ್ತಿಗೆಯ ಸೊಂಟದಿಂದ ಡಬ್ಬಿ ಕಿತ್ತುಕೊಂಡು ಒಂದು ಚಿಟಿಕೆ ನಶ್ಯ ಏರಿಸಿದೆ. ಚಿಟಿಕೆ ಸ್ವಲ್ಪ ದೊಡ್ಡದಾಯಿತು. ಜನ್ಮದಲ್ಲಿ ನಶ್ಯ ಮೂಸಿದವಳಲ್ಲ ನಾನು.

ಎರಡನೆಯ ಸೀನು ಬಂತು. "ಜೋಡಿ! ಹೊರಡಿ ಭಾವಾ!" ಅಂತ ಮುರುಗನ್ ಕೂಗಿದ. ಅವನ ಬಾಯಿ ಮುಚ್ಚುವುದರೊಳಗೆ ಮೂರನೆಯದು. "ಕೂತ್ಕೊಳ್ಳಿ ಭಾವಾ!" ನಾಲ್ಕನೆಯದಕ್ಕೆ ಮತ್ತೆ ಎದ್ದರು, ಐದನೆಯದಕ್ಕೆ ಮತ್ತೆ ಕೂತರು. ಆಮೇಲೆ ಎಣಿಸುವುದು ನನ್ನ ಕೈಯಲ್ಲಿರಲಿಲ್ಲ. ಬೀದಿಯೇ ಎಣಿಸುತ್ತಿತ್ತು. "ಸರಿ!" ಅಂತ ಮುನಿಯಮ್ಮಾಳ್, "ಬೆಸ!" ಅಂತ ಎಣ್ಣೆಯವನು. ಕೈಯಲ್ಲಿದ್ದ ಲೋಟ ಸೀನಿ ಸೀನಿ ಅಲುಗಾಡಿ, ನಾನು ಇಷ್ಟು ದಿನ ಚಿನ್ನದ ಹಾಗೆ ಅಳೆದ ನೀರೆಲ್ಲ ನನ್ನ ಸೀರೆಯ ಮೇಲೇ ಚೆಲ್ಲಿಹೋಯಿತು. ಕಣ್ಣು, ಮೂಗು ಎಲ್ಲ ಸುರಿಯತೊಡಗಿದವು.

ನಮ್ಮವರು ಹತ್ತಿರ ಬಂದು ನಿಂತ ಹಾಗಾಯಿತು. "ಅಳೋಳು ನೇರವಾಗಿ ಅಳೇ. ನಶ್ಯದ ಮೇಲೆ ಯಾಕೆ ಹಾಕ್ತೀಯಾ" ಅಂದರು ಮೆಲ್ಲಗೆ.

"ಯಾರು ಅಳ್ತಾರೆ? ನಾನಾ?" ಅನ್ನುವಷ್ಟರಲ್ಲಿ ಇನ್ನೊಂದು ಸೀನು.

"ನೀರು ಬೇಡ ಬಿಡು. ಬತ್ತೀನಿ ವೀರೀ."

ಸೆರಗಿನಲ್ಲಿ ಮುಖ ಒರೆಸಿ ಕಣ್ಣು ಬಿಡುವ ಹೊತ್ತಿಗೆ ಜಗುಲಿ ಖಾಲಿ. ಕೊನೆಯ ಸೀನು ಸರಿಯೋ ಬೆಸವೋ ಅಂತ ಮುನಿಯಮ್ಮಾಳೂ ಎಣ್ಣೆಯವನೂ ಕಿತ್ತಾಡುತ್ತಿದ್ದರು. ನಮ್ಮವರು ಆಗಲೇ ಅಕ್ಕಿ ಗಿರಣಿಯ ಹತ್ತಿರ ಹೋಗಿದ್ದರು, ಮುರುಗನ ಭುಜದ ಮೇಲೆ ಕೈ ಊರಿ, ಬಸ್ಸಿನ ಹಾರನ್‌ಗೆ ತಕ್ಕಂತೆ ಬೇಗಬೇಗ. ಔಷಧಿಯ ಹೊತ್ತು ಹೇಳುವುದಿತ್ತು. ರೈಲಿನಲ್ಲಿ ಕಂಡವರ ಕೈಲಿ ನೀರು ಇಸಕೊಂಡರೆ ಕಾಲು ಮುರಿಯುತ್ತೇನೆ ಅನ್ನುವುದಿತ್ತು. ಇನ್ನೂ ಎಷ್ಟೋ ಬೈಯುವುದಿತ್ತು. ಹೊರಟವರನ್ನು ಹಿಂದಿನಿಂದ ಕೂಗಬಾರದು. ನಶ್ಯದ ಕೈಯಲ್ಲೇ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತೆ. ಅವರು ಗಿರಣಿಯ ಗೋಡೆ ದಾಟಿ, ಮೂಲೆ ತಿರುಗಿ ಹೋದರು.