ಟಾಕೀಸಿನ ಚಂದ್ರನಿಗೆ ಎಷ್ಟು?

ಟ್ಯೂಬಣ್ಣ ಅಂಗಡಿಯ ನೆಲದ ಮೇಲೆ ಮಂಡಿಯೂರಿ, ಕಂದು ಕಾಗದದ ಮೇಲೆ ಬರೆದ ಅಕ್ಷರಗಳ ಗುಂಟ ದಾರ ಇಡುತ್ತಿದ್ದ. ಇದು ಅಳತೆಪಟ್ಟಿಯಿಂದ ಆಗುವ ಕೆಲಸವಲ್ಲ. ನಮ್ಮ ಅಕ್ಷರಗಳಲ್ಲಿ ನೆಟ್ಟಗಿರುವ ಗೆರೆ ಎಲ್ಲಿದೆ? ಎಲ್ಲವೂ ಸುತ್ತು, ಎಲ್ಲವೂ ಕೊಂಡಿ. ದಾರ ಎಷ್ಟು ಉದ್ದವೋ ಗಾಜಿನ ಕೊಳವೆ ಅಷ್ಟು ಉದ್ದ. ಅದನ್ನು ಉರಿಯಲ್ಲಿ ಹಿಡಿದು ಎಷ್ಟು ಸಲ ಬಗ್ಗಿಸಬೇಕೋ ಅಷ್ಟು ಕೂಲಿ. ಲೆಕ್ಕ ಇಷ್ಟೇ. ಆದರೂ ನಿಯಾನ್ ಬೋರ್ಡಿಗೆ ಬೆಲೆ ಹೇಳುವ ಹೊತ್ತು ಬಂದರೆ ಅವನು ಬಿಸಿ ಗೆಣಸು ಬಾಯಿಗೆ ಹಾಕಿಕೊಂಡವನಂತೆ ಆಗಿಬಿಡುತ್ತಿದ್ದ.

ಬೀದಿಯ ತುದಿಯ ಟಾಕೀಸು ಮತ್ತೆ ತೆರೆಯುವುದರಲ್ಲಿತ್ತು. ಅದರ ಹಳೆಯ ಬೋರ್ಡು ಎಂದೋ ಒಡೆದು ಹೋಗಿತ್ತು. ಮಾಡಿದವರು ಟ್ಯೂಬಣ್ಣನ ಅಪ್ಪ. ಸಂಜೆ ಹೆಸರೆಲ್ಲ ಕೆಂಪಗೆ ಹೊತ್ತಿಕೊಂಡ ಮೇಲೆ, ಕೊಂಚ ತಡೆದು, ಪಕ್ಕದ ಅರ್ಧ ಚಂದ್ರ ನೀಲಿಯಾಗಿ ಹೊತ್ತಿಕೊಳ್ಳುತ್ತಿತ್ತು. ಆ ಒಂದು ತಡೆಯಲ್ಲಿ ಇಡೀ ಬೀದಿ ಉಸಿರು ಹಿಡಿದು ನಿಲ್ಲುತ್ತಿತ್ತು. ಅಂಥದ್ದೇ ಬೇಕು, ಬೆಲೆ ಬರೆದು ಕಳಿಸಿ ಎಂದು ಪರವೂರಿನಲ್ಲಿದ್ದ ಮಾಲೀಕರು ಕಾಗದ ಹಾಕಿ ತಿಂಗಳುಗಳೇ ಆಗಿದ್ದವು. ಜಾಸ್ತಿ ಹೇಳಿದರೆ ಕೆಲಸ ತಪ್ಪೀತು, ಕಡಿಮೆ ಹೇಳಿದರೆ ಕೈಯಿಂದ ಕಟ್ಟಬೇಕಾದೀತು. ಸಂಜೆಯ ಟಪಾಲಿಗೆ ಉತ್ತರ ಹೋಗದಿದ್ದರೆ ಪ್ಲಾಸ್ಟಿಕ್ ಬೋರ್ಡು ಹಾಕಿಸುತ್ತೇವೆ ಎಂದು ಟಾಕೀಸಿನ ಮ್ಯಾನೇಜರು ಇವತ್ತು ಹೇಳಿ ಕಳಿಸಿದ್ದರು. ಕೈ ನಡುಗುವ ಕಾಲ ಬರುವ ಮೊದಲು ಅಪ್ಪನ ಚಂದ್ರನನ್ನು ತಾನೂ ಒಮ್ಮೆ ಬಗ್ಗಿಸಬೇಕು ಎಂಬುದೊಂದೇ ಟ್ಯೂಬಣ್ಣನ ಆಸೆ.

ಎಂಟು ಸಾವಿರ ಎಂದು ಬರೆದ. ಅಷ್ಟರಲ್ಲಿ ಎದುರಿನ ಕ್ಷೌರದಂಗಡಿಯವನು ಕತ್ತರಿ ಸಮೇತ ಬಂದು ಕಾಗದಕ್ಕೆ ಬಗ್ಗಿದ. ಅರ್ಧ ಕತ್ತರಿಸಿದ ತಲೆಯೊಂದು ಅವನ ಕುರ್ಚಿಯಲ್ಲಿ ಕಾಯುತ್ತಿತ್ತು.

"ಎಂಟಾ? ಟಾಕೀಸಿನೋರ ಹತ್ರ ದುಡ್ಡು ಕೊಳೀತಾ ಬಿದ್ದಿದೆ ಕಣೋ. ನನ್ನ ನೋಡಿ ಕಲಿ. ಅರ್ಧ ಮೀಸೆ ತೆಗೆದ ಮೇಲೇ ನಾನು ರೇಟು ಹೇಳೋದು. ಯಾವನು ಎದ್ದು ಹೋಗ್ತಾನೆ?"

ಎಂಟು ಹನ್ನೆರಡಾಯಿತು. ಕೊರಳಿಗೆ ಟೇಪು ಹಾಕಿಕೊಂಡೇ ಬಂದ ದರ್ಜಿ, ದಾರವನ್ನು ಕಿತ್ತುಕೊಂಡು ತಾನೇ ಅಳೆದು, ಗಂಟು ಹಾಕಿ, ಚಂದ್ರನಿಗೆ ಬೇರೆ ಹಾಕು, ನಾನು ಜೇಬಿಗೆ ಬೇರೆ ತಗೊಳ್ಳೋದಿಲ್ಲವೇ ಎಂದ. ಹನ್ನೆರಡು ಹದಿನೈದಾಯಿತು. ಗಾಜು ಒಡೆಯುವ ಮಾಲು, ಅದನ್ನೂ ಸೇರಿಸು ಎಂದ ಬೇಕರಿಯವನು. ಒಳಗಿನಿಂದ ಹೆಂಡತಿಯೂ, ಹೋದ ಸಲದ ಕೆಲಸದಲ್ಲಿ ಇವರಿಗೆ ಉಳಿದದ್ದು ಸುಟ್ಟ ಬೆರಳೊಂದೇ ಎಂದು ದನಿಗೂಡಿಸಿದಳು. ಹೊಡೆದು ಹಾಕಿದ ಅಂಕಿಗಳಿಂದ ಕಾಗದ ಕೋಳಿ ಕೆದರಿದ ತಿಪ್ಪೆಯಂತಾಯಿತು. ಕೊನೆಗೆ ಹೊಸ ಹಾಳೆಯಲ್ಲಿ ಇಪ್ಪತ್ತು ಸಾವಿರ ಎಂದು ಬರೆಸಿಯೇ ಬಿಟ್ಟರು.

ಆಮೇಲೆ ಟೀ ಬಂತು, ಟೀ ಜೊತೆಗೆ ಹಳೆಯ ದಿನಗಳೂ ಬಂದವು. ಕ್ಷೌರದಂಗಡಿಯ ಕನ್ನಡಿಯಲ್ಲಿ ಆಗ ದಿನವೂ ಒಂದು ಚಂದ್ರ ಇರುತ್ತಿತ್ತಂತೆ. ದರ್ಜಿಯ ತಾಯಿ ದೀಪ ಹಚ್ಚದೆ ಆ ಬೆಳಕಿನಲ್ಲೇ ಕಾಜಾ ಹೊಲಿಯುತ್ತಿದ್ದಳಂತೆ. ಆ ಕೆಂಪಿನಲ್ಲಿ ಮೊನ್ನೆಯ ಬನ್ನೂ ಈಗ ತಾನೇ ಬೆಂದಂತೆ ಕಾಣುತ್ತಿತ್ತು ಎಂದು ಬೇಕರಿಯವನು ನಿಟ್ಟುಸಿರು ಬಿಟ್ಟ.

ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮ್ಯಾನೇಜರು ತಾವೇ ಬಂದರು.

"ಮಾಲೀಕರದ್ದು ಇನ್ನೊಂದು ಮಾತಿದೆ. ಅರ್ಧ ಅವರು ಕೊಡ್ತಾರೆ. ಇನ್ನರ್ಧ ಬೀದಿ ಅಂಗಡಿಯೋರು ಹಂಚ್ಕೋಬೇಕು. ಬೆಳಕು ಬೀಳೋದು ನಿಮ್ಮೆಲ್ಲರ ಮೇಲೇ ಅಲ್ವಾ? ಹಿಂದೆಯೂ ಹಾಗೇ ಮಾಡಿದ್ರಂತೆ. ಎಷ್ಟು ಬರೆದ್ರಿ?"

ಮೂವರೂ ಟೀ ಲೋಟಗಳನ್ನು ಕೆಳಗಿಟ್ಟರು.

"ಎಂಟು ಅಂತಿದ್ದ," ಎಂದ ಕ್ಷೌರದವನು. "ಎಂಟೂ ಜಾಸ್ತೀನೇ ಅನ್ನಿ."

"ಕೊಳವೆ ಒಳಗೆ ಇರೋದಾದ್ರೂ ಏನು ಸಾರ್, ಬರೀ ಗಾಳಿ," ಎಂದ ದರ್ಜಿ.

"ಚಂದ್ರನೂ ಪೂರ್ತಿ ಇಲ್ಲ. ಅರ್ಧ ಬ್ರೆಡ್ಡಿಗೆ ನಾನು ಪೂರ್ತಿ ರೇಟು ತಗೋತೀನಾ?"

ಹೆಂಡತಿ ಬಾಗಿಲಿಗೆ ಬಂದು ನಿಂತಳು. "ಹಾಗಾದ್ರೆ ಚಂದ್ರ ಬೇಡ ಬಿಡಿ."

"ಅಯ್ಯೋ ಅತ್ತಿಗೆ, ಚಂದ್ರ ಇಲ್ದಿದ್ರೆ ಅದೇನು ಬೋರ್ಡು?" ಎಂದರು ಮೂವರೂ.

ಚಂದ್ರ ಉಳಿದ, ಬೆಲೆ ಇಳಿಯಿತು. ಎಳೆದಾಡಿ ಆರು ಸಾವಿರಕ್ಕೆ ನಿಂತಿತು. ಗಾಜಿಗೆ, ಗ್ಯಾಸಿಗೆ, ಟ್ರಾನ್ಸ್‌ಫಾರ್ಮರಿಗೇ ಸರಿಯಾಗಿ ಅಷ್ಟು ಬೇಕು. ಟ್ಯೂಬಣ್ಣ ಬರೆದು ತಲೆ ಎತ್ತಿದಾಗ ಮ್ಯಾನೇಜರು ಹೊರಗೆ ನಿಂತು ಅಂಗಡಿಗಳನ್ನು ಎಣಿಸುತ್ತಿದ್ದರು.

"ನಿಮ್ಮದೂ ಇದೇ ಬೀದೀಲಿ ಇದೆಯಲ್ಲ ಯಜಮಾನ್ರೇ. ನಿಮ್ಮದೂ ಒಂದು ಪಾಲು."

ಟಾಕೀಸಿನ ಬೋರ್ಡು ಹಚ್ಚಿದ ರಾತ್ರಿ ಅಪ್ಪ ಬರಿಗೈಯಲ್ಲಿ ಮನೆಗೆ ಬಂದು, ಅಮ್ಮ ಎಷ್ಟು ಬೈದರೂ ಉತ್ತರ ಕೊಡದೆ ನಕ್ಕದ್ದು ಏಕೆಂದು ಟ್ಯೂಬಣ್ಣನಿಗೆ ಈಗ ಗೊತ್ತಾಯಿತು. ಅವನಿಗೂ ನಗು ಬಂತು. ಹೆಂಡತಿ ಬೈಯಲು ಬಾಯಿ ತೆರೆದವಳು, ಆ ಮುಖ ನೋಡಿ, ಲಕೋಟೆಗೆ ಸ್ಟಾಂಪು ಅಂಟಿಸಿ ಕೊಟ್ಟಳು.

ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾನೋ ಎಂದು ಮೂವರೂ ಅವನನ್ನು ನಡುವೆ ಹಾಕಿಕೊಂಡು, ಕಳ್ಳನನ್ನು ಠಾಣೆಗೆ ಒಯ್ಯುವವರಂತೆ ಅಂಚೆಪೆಟ್ಟಿಗೆಯವರೆಗೆ ನಡೆದರು. ಟಪಾಲಿನವನು ಬೀಗ ತೆಗೆಯುತ್ತಿದ್ದ. ಟ್ಯೂಬಣ್ಣ ಕಾಗದವನ್ನು ನೇರವಾಗಿ ಅವನ ಚೀಲಕ್ಕೇ ಹಾಕಿದ.